ಮ್ಯಾನೇಜರ್ ಹೋಗಲಿ ಅಂತ ನನಗೂ ಅನ್ನಿಸ್ತಿದೆ, ಆದರೆ ಹೇಳೋಕೆ ಬಾಯಿ ಬರ್ತಿಲ್ಲ

ಪತ್ರ: ನಾನು 19 ವರ್ಷದಿಂದ ಒಂದೇ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿ. ನಮ್ಮನ್ನು ಮೇಲಿನ ಡಿವಿಷನ್‌ಗೆ ಹತ್ತಿಸಿದ ಮ್ಯಾನೇಜರ್ ಈಗಲೂ ಇದ್ದಾರೆ. ಹೋದ ಸಲ 14ನೇ ಸ್ಥಾನ. ಈ ಸಲ 11 ಪಂದ್ಯದಲ್ಲಿ ಒಂದು ಗೆಲುವು, ಮೂರು ಡ್ರಾ, ಏಳು ಸೋಲು. ಸೀಸನ್‌ಗೆ ಮೊದಲು ಇದ್ದ ಒಬ್ಬ ಒಳ್ಳೆಯ ಸ್ಟ್ರೈಕರ್‌ನನ್ನು ಮಾರಿದರು, ಬದಲಿಗೆ ಯಾರೂ ಬರಲಿಲ್ಲ. ಬಿಟ್ಟುಕೊಟ್ಟ 22 ಗೋಲಿನಲ್ಲಿ 8 ಕಾರ್ನರ್‌ನಿಂದಲೇ, ಅಂದರೆ ಮೈದಾನದ ಮೂಲೆಯಿಂದ ಎದುರಾಳಿ ಒದೆಯೋ ಚೆಂಡಿನಿಂದಲೇ, ಬಂದಿವೆ. ಒಂದು ತಿಂಗಳಿಂದ ಮ್ಯಾನೇಜರ್ ಪಂದ್ಯ ಮುಗಿದ ಮೇಲೆ "ಹುಡುಗರು ನಾನು ಹೇಳಿದ್ದನ್ನು ಮಾಡ್ತಿಲ್ಲ" ಅನ್ನುತ್ತಾರೆ. ಹೋದ ವರ್ಷ ಇವರನ್ನು ತೆಗೀಬೇಕು ಅಂದ ನನ್ನ ತಮ್ಮನಿಗೆ, ಗೆಳೆಯರೆಲ್ಲರ ಎದುರು, "ನೀನು ಅಭಿಮಾನಿಯೇ ಅಲ್ಲ, ಗೆದ್ದಾಗ ಮಾತ್ರ ಬರೋನು" ಅಂದುಬಿಟ್ಟೆ. ಈಗ ಅವರೆಲ್ಲ ಸೇರಿ ಕ್ಲಬ್ಬಿಗೆ "ಮ್ಯಾನೇಜರ್ ತೊಲಗಲಿ" ಅಂತ ಮನವಿ ಬರೆದಿದ್ದಾರೆ, ನನ್ನ ಸಹಿ ಕೇಳ್ತಿದ್ದಾರೆ. ಕಳೆದ ಪಂದ್ಯದಲ್ಲಿ 88ನೇ ನಿಮಿಷಕ್ಕೆ ಎದುರಾಳಿ ಗೋಲು ಹೊಡೆದಾಗ ನನಗೆ ಒಳಗೊಳಗೇ ಸಮಾಧಾನ ಆಯಿತು. ಇನ್ನು ಕ್ಲಬ್ಬಿನವರೇ ತೆಗೀತಾರೆ, ನಾನು ಏನೂ ಹೇಳಬೇಕಿಲ್ಲ ಅಂತ. ಆಮೇಲೆ ನಾಚಿಕೆಯಾಯಿತು. ಮ್ಯಾಂಚೆಸ್ಟರ್ ಯುನೈಟೆಡ್‌ನ ಮ್ಯಾನೇಜರ್ ಆಗಿದ್ದ ಫರ್ಗ್ಯುಸನ್‌ಗೂ ಮೊದಮೊದಲು ಹೀಗೇ ಆಗಿತ್ತಲ್ವಾ? ಸಹಿ ಹಾಕಲೇ, ಬೇಡವೇ?
– 88ನೇ ನಿಮಿಷ

88ನೇ ನಿಮಿಷದವರೇ,

ಮೊದಲು ಆ ಸಮಾಧಾನದ ವಿಷಯ. ಅದನ್ನು ಪಾಪ ಅಂದುಕೊಳ್ಳಬೇಡಿ. ನನಗೂ ಆಗಿದೆ. ವರ್ಷಗಳ ಹಿಂದೆ ನನ್ನ ತಂಡ ಸೋತಾಗ "ಹೋಯ್ತು ಬಿಡು, ಇನ್ನಾದರೂ ಕಣ್ಣು ತೆರೀತಾರೆ" ಅಂತ ಜೋರಾಗೇ ಹೇಳಿದ್ದೆ, ಪಕ್ಕದಲ್ಲಿ ಕೂತವರು ತಿರುಗಿ ನೋಡಿದ್ದರು. ವಾರವಾರ ಸೋಲು ನೋಡಿ ಸಾಕಾದವರಿಗೆ ಹೇಗಾದರೂ ಒಂದು ತೀರ್ಮಾನ ಆಗಲಿ ಅನ್ನಿಸುತ್ತದೆ. ಆದರೆ ಒಂದು ಮಾತು. ನಿಮಗೆ ಸಾಕಾಗಿದೆ ಅನ್ನೋದು ಮ್ಯಾನೇಜರ್‌ನನ್ನು ತೆಗೆಯೋಕೆ ಕಾರಣ ಆಗೋದಿಲ್ಲ. ಅವರು ಹೋಗಬೇಕೋ ಇರಬೇಕೋ ಅನ್ನೋದನ್ನು ನಿಮ್ಮ ಬೇಸರ ಲೆಕ್ಕಕ್ಕೆ ಹಿಡಿಯದೆ ನೋಡಬೇಕು.

ಫರ್ಗ್ಯುಸನ್ ಹೆಸರು ತೆಗೆದಿರಿ. ಈ ವಾದದಲ್ಲಿ ಎಲ್ಲರೂ ತೆಗೀತಾರೆ. ಕಥೆ ನಿಜವೇ. 1986ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದರು, ಮೂರು ವರ್ಷ ಕಪ್ಪಿಲ್ಲ, 1989ರಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು 5–1ರಲ್ಲಿ ಸೋತರು, ಸ್ಟೇಡಿಯಂನಲ್ಲಿ ಅವರ ವಿರುದ್ಧ ಬ್ಯಾನರ್ ಎದ್ದಿತು, 1990ರ ಮೇನಲ್ಲಿ ಎಫ್‌ಎ ಕಪ್ ಗೆದ್ದರು, ಆಮೇಲೆ 13 ಲೀಗ್ ಪ್ರಶಸ್ತಿ. ಸರಿ. ಆದರೆ ಕಾದು ಕಾದು ಗೆದ್ದವರ ಹೆಸರು ನಮಗೆ ನೆನಪಿರುತ್ತೆ, ಕಾದು ಕಾದು ಕೆಳಗಿನ ಡಿವಿಷನ್‌ಗೆ ಬಿದ್ದವರ ಹೆಸರು ಯಾರಿಗೂ ನೆನಪಿರಲ್ಲ. ಫರ್ಗ್ಯುಸನ್‌ಗೆ ಸಮಯ ಕೊಟ್ಟದ್ದು ಒಳ್ಳೆಯದಾಯಿತು ಅಂದ ಮಾತ್ರಕ್ಕೆ ನಿಮ್ಮವರಿಗೂ ಆಗುತ್ತೆ ಅಂತಲ್ಲ. ಫರ್ಗ್ಯುಸನ್ ಸೋಲುತ್ತಿದ್ದರೂ ಕ್ಲಬ್ಬಿನ ಒಳಗೆ ಯುವ ಆಟಗಾರರನ್ನು ಬೆಳೆಸುವ ಕೆಲಸ ನಡೆಸುತ್ತಿದ್ದರು, ಆಡಳಿತಕ್ಕೆ ಅದು ಕಾಣುತ್ತಿತ್ತು. ನಿಮ್ಮ ಕ್ಲಬ್ಬಿನಲ್ಲಿ ಅಂಥದ್ದೇನಾದರೂ ಇದೆಯಾ? ನಿಮ್ಮ ಪತ್ರದಲ್ಲಿ ಅದರ ಸುದ್ದಿ ಇಲ್ಲ.

ಹಾಗಂತ ತಮ್ಮನ ಕಡೆಯವರು ಹೇಳೋ ಹಾಗೆ ಹೊಸಬ ಬಂದ ಕೂಡಲೇ ಎಲ್ಲ ಸರಿಹೋಗುತ್ತೆ ಅನ್ನೋದೂ ಅಷ್ಟೇ ಟೊಳ್ಳು. ಬಾಸ್ ಟರ್ ವೀಲ್ ಅನ್ನೋ ಅರ್ಥಶಾಸ್ತ್ರಜ್ಞ ನೆದರ್‌ಲ್ಯಾಂಡ್ಸ್‌ನ ಮೇಲಿನ ಲೀಗಿನ 1986ರಿಂದ 2004ರವರೆಗಿನ ಪಂದ್ಯಗಳನ್ನು ತೆಗೆದುಕೊಂಡು ಇದನ್ನೇ ನೋಡಿದ್ದಾರೆ. ಮ್ಯಾನೇಜರ್ ತೆಗೆದ ಮೇಲೆ ತಂಡಗಳು ಚೇತರಿಸಿಕೊಂಡವು, ಅದು ಹೌದು. ಆದರೆ ಅಷ್ಟೇ ಕೆಟ್ಟದಾಗಿ ಸೋತು, ಮ್ಯಾನೇಜರ್‌ನನ್ನು ಮುಟ್ಟದೇ ಇದ್ದ ತಂಡಗಳೂ ಹೆಚ್ಚುಕಡಿಮೆ ಅದೇ ರೀತಿ ಚೇತರಿಸಿಕೊಂಡವು. ಜ್ವರ ಏರಿದ ದಿನ ಔಷಧಿ ತಗೊಂಡು ಮೂರು ದಿನಕ್ಕೆ ವಾಸಿಯಾದರೆ ಔಷಧಿಯಿಂದಲೇ ಅಂತೀವಲ್ಲ, ಆ ಥರ. ಸತತ ಸೋಲಿನ ತಳದಲ್ಲೇ ಕ್ಲಬ್ಬುಗಳು ಮ್ಯಾನೇಜರ್‌ನನ್ನು ತೆಗೆಯೋದು. ತಳದಿಂದ ಮುಂದೆ ಹೋಗೋಕೆ ಸಾಮಾನ್ಯವಾಗಿ ಮೇಲ್ಗಡೆ ಒಂದೇ ದಾರಿ ಇರುತ್ತೆ.

ಸಾಮಾನ್ಯವಾಗಿ ಅಂದೆ, ಗಮನಿಸಿ. ಇಂಗ್ಲೆಂಡಿನ ಸೌತಾಂಪ್ಟನ್ ಕ್ಲಬ್ 2024ರ ಡಿಸೆಂಬರ್‌ನಲ್ಲಿ ರಸೆಲ್ ಮಾರ್ಟಿನ್‌ರನ್ನು ತೆಗೆಯಿತು. ಆಗ 16 ಪಂದ್ಯಕ್ಕೆ 5 ಅಂಕ. ಇವಾನ್ ಯುರಿಚ್ ಬಂದರು. ಏನಾಯಿತು? ಇನ್ನೂ ಏಳು ಪಂದ್ಯ ಬಾಕಿ ಇರುವಾಗಲೇ ತಂಡ ಕೆಳಗಿಳಿಯೋದು ಖಾತ್ರಿಯಾಯಿತು, ಅಲ್ಲಿನ ಮೇಲಿನ ಲೀಗಾದ ಪ್ರೀಮಿಯರ್ ಲೀಗ್‌ನಲ್ಲಿ ಅಷ್ಟು ಬೇಗ ಯಾರೂ ಇಳಿದಿರಲಿಲ್ಲ, ಯುರಿಚ್ ಕೂಡ ಹೋದರು, ಸೀಸನ್ ಮುಗಿದಾಗ ಒಟ್ಟು 12 ಅಂಕ. ಅಲ್ಲಿ ತಂಡವೇ ಆ ಲೀಗಿಗೆ ಸಾಲದಾಗಿತ್ತು. ಬೆಂಚಿನ ಮೇಲೆ ಯಾರು ಕೂತಿದ್ದರೂ ಅಷ್ಟೇ.

ಇನ್ನೊಂದು ಕಡೆ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ ನೋಡಿ. 2017ರಲ್ಲಿ ಮ್ಯಾನೇಜರ್ ಫ್ರಾಂಕ್ ಡಿ ಬೂರ್ ನಾಲ್ಕು ಲೀಗ್ ಪಂದ್ಯ ಸೋತರು, ಒಂದು ಗೋಲೂ ಇಲ್ಲ, 77 ದಿನಕ್ಕೆ ಮನೆಗೆ. ನಾಲ್ಕು ಪಂದ್ಯಕ್ಕೇ ತೆಗೆಯೋದಾ ಅಂತ ಜಗತ್ತೆಲ್ಲ ನಕ್ಕಿತು. ರಾಯ್ ಹಾಡ್ಜ್‌ಸನ್ ಬಂದರು, ಅವರೂ ಮೊದಲ ಮೂರು ಲೀಗ್ ಪಂದ್ಯ ಗೋಲಿಲ್ಲದೇ ಸೋತರು. ಕೊನೆಗೆ 11ನೇ ಸ್ಥಾನ. ನನಗೆ ಇಲ್ಲಿ ಇಷ್ಟವಾಗೋದು ಏನಂದರೆ, ಹಾಡ್ಜ್‌ಸನ್ ಆ ಆಟಗಾರರಿಗೆ ಬರೋ ಆಟವನ್ನೇ ಆಡಿಸಿದರು. ಡಿ ಬೂರ್ ಆಟಗಾರರಿಗೆ ಬಾರದ ಆಟ ಕಲಿಸೋಕೆ ಹೊರಟಿದ್ದರು. ಅದಕ್ಕೇ ಆ ಬದಲಾವಣೆಗೆ ಅರ್ಥ ಇತ್ತು.

ಈಗ ನಿಮ್ಮ ತಂಡಕ್ಕೆ ಬರೋಣ. ನೀವು ಬರೆದದ್ದನ್ನು ಮೂರು ಸಲ ಓದಿದೆ.

ಸ್ಟ್ರೈಕರ್‌ನನ್ನು ಮಾರಿ ಬದಲಿ ತರದೇ ಇದ್ದದ್ದು ಆಡಳಿತದ ತಪ್ಪು. ಅದನ್ನು ಮ್ಯಾನೇಜರ್ ತಲೆಗೆ ಕಟ್ಟಬಾರದು. ಗೋಲು ಬರ್ತಿಲ್ಲ ಅಂತ ಬೈಯೋ ಮೊದಲು, ಗೋಲು ಹೊಡೆಯೋ ಮನುಷ್ಯನನ್ನು ಕಳಿಸಿದ್ದು ಯಾರು ಅಂತ ಕೇಳಬೇಕಲ್ವಾ? ಆದರೆ ಕಾರ್ನರ್ ಬೇರೆ. 22ರಲ್ಲಿ 8 ಅಂದರೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ. ಕಾರ್ನರ್ ತಡೆಯೋದಕ್ಕೆ ದುಬಾರಿ ಆಟಗಾರರು ಬೇಕಿಲ್ಲ. ಯಾರು ಯಾರನ್ನು ಹಿಡಿಯಬೇಕು, ಹತ್ತಿರದ ಕಂಬದ ಹತ್ತಿರ ಯಾರು ನಿಲ್ಲಬೇಕು, ಕೀಪರ್ ದಾರಿಗೆ ಅಡ್ಡ ನಿಂತವನನ್ನು ಯಾರು ದೂಡಬೇಕು, ಇದೆಲ್ಲ ಪ್ರಾಕ್ಟೀಸ್ ಮೈದಾನದ ಕೆಲಸ. ಒಂದೋ ಎರಡೋ ಆದರೆ ದುರದೃಷ್ಟ ಅನ್ನಬಹುದು. ಎಂಟು ಸಲ ಆದ ಮೇಲೆ ಯಾರೋ ಅದನ್ನು ಸರಿಮಾಡಿಲ್ಲ ಅಂತಲೇ ಅರ್ಥ, ಆ ಯಾರೋ ಅಂದರೆ ಮ್ಯಾನೇಜರ್ ಮತ್ತು ಅವರ ಕೋಚ್‌ಗಳು.

ಆದರೂ ಅಷ್ಟಕ್ಕೇ ನಾನು ತೆಗೀರಿ ಅನ್ನುತ್ತಿರಲಿಲ್ಲ. ಸ್ಟೀವ್ ಕೂಪರ್ ನೆನಪಿದೆಯಾ? ನಾಟಿಂಗ್‌ಹ್ಯಾಮ್ ಫಾರೆಸ್ಟ್ ತಂಡವನ್ನು ಮೇಲೆ ತಂದವರು, 2022ರ ಅಕ್ಟೋಬರ್‌ನಲ್ಲಿ ಪಟ್ಟಿಯ ಕಟ್ಟಕಡೆಗೆ ಬಿದ್ದರು, ಎಲ್ಲರೂ ಇವತ್ತೋ ನಾಳೆಯೋ ಅನ್ನುತ್ತಿರುವಾಗ ಕ್ಲಬ್ ಅವರಿಗೆ ಹೊಸ ಕಾಂಟ್ರ್ಯಾಕ್ಟ್ ಕೊಟ್ಟಿತು. 16ನೇ ಸ್ಥಾನದಲ್ಲಿ ಉಳಿದರು. ಅಲ್ಲಿ ಸ್ಟೇಡಿಯಂ ತುಂಬ ಜನ ಅವರ ಹೆಸರು ಹಾಡುತ್ತಿದ್ದರು, ಆಟಗಾರರೂ ಅವರ ಕಡೆಗಿದ್ದರು.

ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ಪತ್ರದ ಒಂದು ಸಾಲು. "ಹುಡುಗರು ನಾನು ಹೇಳಿದ್ದನ್ನು ಮಾಡ್ತಿಲ್ಲ." ನೀವು ಅದನ್ನು ಸುಮ್ನೆ ದಾಟಿಕೊಂಡು ಹೋಗಿದ್ದೀರಿ. ಒಂದು ಸಲ ಸಿಟ್ಟಿನಲ್ಲಿ ಬಂದ ಮಾತಾದರೆ ಸರಿ. ಒಂದು ತಿಂಗಳು ಮೈಕ್ ಎದುರು ಅದನ್ನೇ ಹೇಳ್ತಿದ್ದಾರೆ ಅಂದರೆ ಕುಣಿಯೋಕೆ ಬಾರದವರು ನೆಲ ಡೊಂಕು ಅಂದ ಹಾಗಾಯಿತು. ಆಟಗಾರರಿಗೂ ಕಿವಿ ಇದೆ. ಸೋಮವಾರ ಟ್ರೈನಿಂಗ್‌ಗೆ ಬಂದಾಗ ಅವರ ಮುಖ ನೋಡೋದು ಹೇಗೆ? ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವ ಡ್ರೆಸ್ಸಿಂಗ್ ರೂಮಿನಲ್ಲಿ ಕಾರ್ನರ್ ತಡೆಯೋದನ್ನು ಕಲಿಸೋಕಾಗಲ್ಲ. ಸೋತ ಮ್ಯಾನೇಜರ್‌ಗೆ ಇನ್ನಷ್ಟು ಸಮಯ ಕೊಡಿ ಅನ್ನೋನು ನಾನು. ಆಟಗಾರರನ್ನು ಎದುರು ಹಾಕಿಕೊಂಡವರಿಗೆ ಸಮಯ ಕೊಟ್ಟು ಏನೂ ಪ್ರಯೋಜನ ಇಲ್ಲ.

ಹಾಗಾಗಿ ನೇರವಾಗಿ ಹೇಳ್ತೀನಿ, ನಿಮ್ಮ ಜಾಗದಲ್ಲಿ ನಾನಿದ್ದರೆ ಬದಲಾಯಿಸಿ ಅಂತಲೇ ಹೇಳುತ್ತಿದ್ದೆ. ಅದೂ ಈಗಲೇ, 27 ಪಂದ್ಯ ಬಾಕಿ ಇರುವಾಗ. ಬರ್ನ್‌ಲಿ ಕ್ಲಬ್ ಸುಮಾರು ಹತ್ತು ವರ್ಷ ಇದ್ದ ಶಾನ್ ಡೈಚ್‌ರನ್ನು 2022ರ ಏಪ್ರಿಲ್‌ನಲ್ಲಿ ತೆಗೆಯಿತು, ಉಳಿದಿದ್ದು ಎಂಟು ಪಂದ್ಯ. ತಂಡ ಸ್ವಲ್ಪ ಎದ್ದು ನಿಂತಿತು, ಆದರೂ ಕೊನೆಯ ದಿನ ಇಳಿಯಿತು. ತೆಗೆಯೋದೇ ಆದರೆ ಬರುವವರಿಗೆ ಒಂದು ಟ್ರಾನ್ಸ್‌ಫರ್ ವಿಂಡೋ, ಅಂದರೆ ಆಟಗಾರರನ್ನು ಕೊಳ್ಳೋಕೆ ಅವಕಾಶ ಇರೋ ಅವಧಿ, ಆದರೂ ಸಿಗಬೇಕು. ಮತ್ತೆ ಒಂದು ಷರತ್ತು: ಯಾರು ಬರ್ತಾರೆ ಅನ್ನೋದು ಕ್ಲಬ್ಬಿಗೆ ಮೊದಲೇ ಗೊತ್ತಿರಬೇಕು. ಮೊದಲು ಕಳಿಸಿ ಆಮೇಲೆ ಹುಡುಕೋಕೆ ಹೊರಟರೆ ಬಾಣಲೆಯಿಂದ ಬೆಂಕಿಗೆ.

ಇಷ್ಟು ಹೇಳಿದ ಮೇಲೂ ಆ ಮನವಿಗೆ ಸಹಿ ಹಾಕಬೇಡಿ ಅಂತೀನಿ. ಗೊಂದಲ ಮಾಡ್ತಿದ್ದೀನಾ? ಇಲ್ಲ. ನೀವು ಹೇಳಿದ ಪ್ರಕಾರ ಅದರ ಒಕ್ಕಣೆಯೇ "ತೊಲಗಲಿ". ಸ್ಟ್ರೈಕರ್ ಮಾರಿದವರ ಬಗ್ಗೆ ಅದರಲ್ಲಿ ಏನಾದರೂ ಇದೆಯಾ? ಮುಂದೆ ಯಾರು ಅನ್ನೋ ಪ್ರಶ್ನೆ ಇದೆಯಾ? ಇಲ್ಲದಿದ್ದರೆ ಆಡಳಿತದವರಿಗೆ ಅದು ಹಬ್ಬ. ಒಬ್ಬರನ್ನು ಕಳಿಸಿ, ನಿಮ್ಮ ಮಾತು ಕೇಳಿದೆವು ಅಂತ ಕೈ ತೊಳೆದುಕೊಳ್ತಾರೆ. ತಮ್ಮನಿಗೆ ಹೇಳಿ, ಈ ಎರಡು ಪ್ರಶ್ನೆ ಸೇರಿಸಿದರೆ, ನಿಮ್ಮನ್ನು ಮೇಲಕ್ಕೆ ತಂದವರಿಗೆ ಒಂದು ಧನ್ಯವಾದದ ಸಾಲು ಸೇರಿಸಿದರೆ, ಮೊದಲ ಸಹಿ ನನ್ನದೇ ಅಂತ.

ಏರಿದ ಏಣಿ ಒದ್ದ ಹಾಗಾಗುತ್ತೆ ಅನ್ನೋ ಭಯ ನಿಮಗೆ. ಲೆಸ್ಟರ್ ಅಭಿಮಾನಿಗಳಿಗೂ ಅದೇ ಆಗಿತ್ತು. ಕ್ಲೌಡಿಯೊ ರನಿಯೇರಿ 2016ರ ಮೇನಲ್ಲಿ ಯಾರೂ ಕನಸಲ್ಲೂ ಎಣಿಸದ ಲೀಗ್ ಪ್ರಶಸ್ತಿ ಕೊಟ್ಟರು, ಒಂಬತ್ತು ತಿಂಗಳಿಗೆ, 2017ರ ಫೆಬ್ರವರಿಯಲ್ಲಿ, ಕೆಲಸ ಕಳೆದುಕೊಂಡರು. ನಾನೂ ಆಗ ಕ್ಲಬ್ಬನ್ನು ಬೈದೆ. ಆದರೆ ಕ್ರೇಗ್ ಶೇಕ್ಸ್‌ಪಿಯರ್ ಜವಾಬ್ದಾರಿ ತಗೊಂಡ ಮೇಲೆ ಮೊದಲ ಐದು ಲೀಗ್ ಪಂದ್ಯ ಗೆದ್ದು ತಂಡ 12ನೇ ಸ್ಥಾನಕ್ಕೆ ಬಂತು. ಅದರಿಂದ ರನಿಯೇರಿ ಮೇಲಿನ ಪ್ರೀತಿ ಆ ಜನಕ್ಕೆ ಒಂದಿಷ್ಟೂ ಕಮ್ಮಿ ಆಗಲಿಲ್ಲ. ನಿಮ್ಮ ಮ್ಯಾನೇಜರ್ ಹೋದರೂ, ಡಿವಿಷನ್ ಹತ್ತಿದ ಆ ದಿನವನ್ನು ಯಾರೂ ವಾಪಸ್ ಕೇಳಲ್ಲ.

ಇನ್ನು ತಮ್ಮ. ನನಗನ್ನಿಸೋದು, ನಿಮ್ಮ ಗಂಟಲಲ್ಲಿ ಸಿಕ್ಕಿಕೊಂಡಿರೋದು ಮ್ಯಾನೇಜರ್ ಅಲ್ಲ, ಆ ಒಂದು ಮಾತು. ಇವತ್ತು ಮ್ಯಾನೇಜರ್ ಹೋಗಲಿ ಅಂದರೆ ಅವನು ಹೋದ ವರ್ಷವೇ ಹೇಳಿದ್ದು ಸರಿ ಅಂತಾಗುತ್ತೆ, ಆಗ ನೀವು ಎಲ್ಲರ ಎದುರು ಅಂದದ್ದು ಏನಾಗಬೇಕು? ಅದಕ್ಕೇ ಎದುರಾಳಿಯ ಗೋಲಿಗೆ ಕಾಯುತ್ತಾ ಕೂತಿದ್ದೀರಿ. ಒಂದು ವಿಷಯ ಹೇಳ್ತೀನಿ, ಸ್ವಲ್ಪ ಹಗುರ ಆಗಬಹುದು: ಹೋದ ವರ್ಷ ಅವನು ಹೇಳಿದ್ದು ಸರಿ ಇರಲಿಲ್ಲ. 14ನೇ ಸ್ಥಾನದಲ್ಲಿ ಸೀಸನ್ ಮುಗಿಸಿದ ಮ್ಯಾನೇಜರ್‌ನನ್ನು, ಮೇಲೆ ಬಂದ ಮೊದಲ ವರ್ಷವೇ, ತೆಗೆಯೋ ಕಾರಣ ಇರಲಿಲ್ಲ. ಆಗ ನಿಮ್ಮ ವಾದ ಸರಿ, ಈಗ ಅವನದ್ದು. ತಪ್ಪಾಗಿದ್ದು "ನೀನು ಅಭಿಮಾನಿಯೇ ಅಲ್ಲ" ಅನ್ನೋ ಮಾತು ಮಾತ್ರ. ಅದಕ್ಕೂ ಮ್ಯಾನೇಜರ್‌ಗೂ ಸಂಬಂಧ ಇಲ್ಲ, ಅವರು ಉಳಿದರೂ ಅದು ತಪ್ಪೇ.

ಗೆಳೆಯರ ಎದುರು ಅಂದಿದ್ದೀರಿ, ಗೆಳೆಯರ ಎದುರೇ ವಾಪಸ್ ತಗೊಳ್ಳಿ. ಭಾಷಣ ಬೇಡ. "ಅವತ್ತು ಹಾಗನ್ನಬಾರದಿತ್ತು ಕಣೋ" ಅಂದರೆ ಸಾಕು. ಅವನು ಬಹುಶಃ ಒಂದು ವಾರ ನಿಮ್ಮನ್ನು ಗೋಳು ಹೊಯ್ದುಕೊಳ್ತಾನೆ, ಹೊಯ್ದುಕೊಳ್ಳಲಿ. ಮುಂದಿನ ಪಂದ್ಯಕ್ಕೆ ಮೊದಲೇ ಇದನ್ನು ಮುಗಿಸಿಬಿಡಿ. ಆಮೇಲೆ ಅವನ ಪಕ್ಕದಲ್ಲೇ ಕೂತು ಪಂದ್ಯ ನೋಡಿ, ಎದುರಾಳಿಗೆ ಕಾರ್ನರ್ ಸಿಕ್ಕಾಗ ನಿಮಗೆ ಏನನ್ನಿಸಿತು ಅಂತ ನನಗೆ ಬರೆಯಿರಿ.