ಅದೇ ಬರೆ, ಎರಡು ವರ್ಷನ್, ಎರಡು ಉತ್ತರ

ಪ್ರಶ್ನೆ: ಮಡಿಕೇರಿ ಹತ್ತಿರದ ಹೋಂಸ್ಟೇ ಹಿಂದಿನ ಬರೆಯನ್ನು (ಕಡಿದಾದ ಮಣ್ಣಿನ ಇಳಿಜಾರು) ಸಾಫ್ಟ್‌ವೇರ್‌ನಲ್ಲಿ ವಿಶ್ಲೇಷಿಸಿದ್ದೆ. ಹಳೆಯ ವರ್ಷನ್‌ನಲ್ಲಿ ಸುರಕ್ಷತಾ ಗುಣಾಂಕ (ಹಿಡಿದಿಡುವ ಬಲ ಭಾಗಿಸು ಜಾರಿಸುವ ಬಲ; 1ಕ್ಕಿಂತ ಕಡಿಮೆಯಾದರೆ ಬರೆ ನಿಲ್ಲದು) 1.52 ಬಂದಿತ್ತು. ಅದೇ ಫೈಲನ್ನು ಹೊಸ ವರ್ಷನ್‌ನಲ್ಲಿ ಓಡಿಸಿದರೆ 1.21. ಹಳೆಯದನ್ನೇ ರಿಪೋರ್ಟಿಗೆ ಹಾಕಿ ಎನ್ನುತ್ತಾರೆ ಮಾಲೀಕರು. ಯಾವುದು ಸರಿ?
– ಸಿವಿಲ್ ಎಂಜಿನಿಯರ್, ಸೋಮವಾರಪೇಟೆ

ಉತ್ತರ: ನನಗೆ ಬರುವ ಪತ್ರಗಳಲ್ಲಿ ಅಂಕಿಗಳು ಬದಲಾಗುತ್ತವೆ, ಪ್ರಶ್ನೆ ಇದೇ. ಕೇಳಿದವರಲ್ಲಿ ಯಾರೂ ಅಂತರ್ಜಲ ಮಟ್ಟವನ್ನು ಎಲ್ಲಿಟ್ಟಿದ್ದೇವೆ ಎಂದು ಬರೆಯುವುದಿಲ್ಲ. ನೀವೂ ಬರೆದಿಲ್ಲ. ಕೊಡಗಿನ ಬರೆಯ ಬಗ್ಗೆ ಕೇಳುವಾಗ ಮೊದಲು ಹೇಳಬೇಕಾದದ್ದೇ ಅದು.

ಹೊಸ ವರ್ಷನ್‌ನಲ್ಲಿ ತೆರೆದ ಮೇಲೆ ಅದು ಅದೇ ಫೈಲ್ ಆಗಿ ಉಳಿದಿರುವುದಿಲ್ಲ. ಹಳೆಯದರಲ್ಲಿ ಇಲ್ಲದ ಆಯ್ಕೆಗಳಿಗೆ ಸಾಫ್ಟ್‌ವೇರ್ ತನ್ನ ಡಿಫಾಲ್ಟ್ ತುಂಬುತ್ತದೆ, ಮೆಶ್ಶನ್ನು (ಲೆಕ್ಕಕ್ಕಾಗಿ ಬರೆಯನ್ನು ಸಣ್ಣ ತುಂಡುಗಳಾಗಿ ವಿಂಗಡಿಸುವ ಜಾಲ) ಹೊಸದಾಗಿ ಹೆಣೆಯಬಹುದು. ಎರಡೂ ಕಡೆಯ ಇನ್‌ಪುಟ್ ಪಟ್ಟಿಯನ್ನು ಮುದ್ರಿಸಿ, ಸಾಲು ಸಾಲಾಗಿ ಹೋಲಿಸಿ. ರಿಲೀಸ್ ನೋಟ್ಸ್ ಓದಿ.

ನನಗೆ ಮೊದಲ ಅನುಮಾನ ಸಕ್ಷನ್ ಮೇಲೆ. ಜಲಮಟ್ಟದ ಮೇಲಿನ ತೇವದ ಮಣ್ಣಿನಲ್ಲಿ ನೀರಿನ ಒತ್ತಡ ಋಣಾತ್ಮಕ. ಅದು ಕಣಗಳನ್ನು ಬಿಗಿಹಿಡಿದು ಮಣ್ಣಿಗೆ ಬಲ ಕೊಡುತ್ತದೆ. ಅದನ್ನು ಲೆಕ್ಕಕ್ಕೆ ಸೇರಿಸಿದರೆ ಗುಣಾಂಕ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಬೇಸಿಗೆಯಲ್ಲಿ ಆ ಬಲ ನಿಜವಾಗಿಯೂ ಇರುತ್ತದೆ. ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆ ಬಿಡದೆ ಹಿಡಿದಾಗ ಇರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡಗಳು ಜಾರಿದ್ದು ಎಡೆಬಿಡದ ಮಳೆಯಲ್ಲಿ. ಎರಡೂ ವರ್ಷನ್‌ನಲ್ಲಿ ಸಕ್ಷನ್ ತೆಗೆದು, ಜಲಮಟ್ಟವನ್ನು ಮಳೆಗಾಲದ ಮಟ್ಟಕ್ಕೆ ಏರಿಸಿ ಮತ್ತೆ ಓಡಿಸಿ.

ಆಗಲೂ ವ್ಯತ್ಯಾಸ ಉಳಿದರೆ ಮೆಶ್ ನೋಡಿ. ಅದರ ಒಂದೊಂದು ತುಂಡು ಎಲಿಮೆಂಟ್, ತುಂಡಿನಲ್ಲಿ ಲೆಕ್ಕ ಹಾಕುವ ಬಿಂದುಗಳು ನೋಡ್. ಆರು ನೋಡ್‌ನ ತ್ರಿಕೋನ ಎಲಿಮೆಂಟ್ ಹದಿನೈದು ನೋಡ್‌ನದಕ್ಕಿಂತ ಗಡುಸಾಗಿ ವರ್ತಿಸಿ ಗುಣಾಂಕವನ್ನು ಹೆಚ್ಚು ತೋರಿಸುತ್ತದೆ. ಮಣ್ಣಿನ ಬಲವನ್ನು ಹಂತಹಂತವಾಗಿ ಕುಗ್ಗಿಸುವ ವಿಧಾನವಾದರೆ, ಗುಣಾಂಕ ಮತ್ತು ಸ್ಥಾನಪಲ್ಲಟದ ಗ್ರಾಫ್ ಸಮತಟ್ಟಾಗಿದೆಯೇ ನೋಡಿ. ಇನ್ನೂ ಏರುತ್ತಲೋ ಇಳಿಯುತ್ತಲೋ ಇದ್ದರೆ, ಹಂತಗಳು ಮುಗಿದವೆಂದು ಕಂಪ್ಯೂಟರ್ ನಿಂತಿದೆ, ಅಷ್ಟೇ. ಆ ಅಂಕಿ ಉತ್ತರವಲ್ಲ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ.

ಇಷ್ಟಕ್ಕೂ ಮೊದಲು ಕೈಲೆಕ್ಕ ಮಾಡಿ. ಅಂಟುಬಲವಿಲ್ಲದ, ಒಣಗಿದ ಉದ್ದನೆಯ ಇಳಿಜಾರಿನ ಗುಣಾಂಕ ಎಂದರೆ ಘರ್ಷಣ ಕೋನದ (ಮಣ್ಣಿನ ಕಣಗಳ ನಡುವಿನ ಘರ್ಷಣೆಯ ಅಳತೆ) ಟ್ಯಾನ್ ಭಾಗಿಸು ಇಳಿಜಾರಿನ ಕೋನದ ಟ್ಯಾನ್. ಘರ್ಷಣ ಕೋನ 35 ಡಿಗ್ರಿ, ಇಳಿಜಾರು 25 ಡಿಗ್ರಿ ಇದ್ದರೆ 1.50. ನೀರು ಮೇಲ್ಮೈವರೆಗೆ ತುಂಬಿ ಇಳಿಜಾರಿಗೆ ಸಮಾನಾಂತರವಾಗಿ ಜಿನುಗಿದರೆ, ತೊಯ್ದ ಮಣ್ಣಿನ ತೂಕ ಘನಮೀಟರಿಗೆ 19 ಕಿಲೋನ್ಯೂಟನ್ ಎಂದಿಟ್ಟುಕೊಂಡರೆ, ಅದೇ ಇಳಿಜಾರಿಗೆ ಸುಮಾರು 0.73. ನೀರೊಂದೇ ಅರ್ಧದಷ್ಟನ್ನು ತಿಂದುಹಾಕುತ್ತದೆ. ಈ ಸಣ್ಣ ಲೆಕ್ಕವನ್ನು ಎರಡೂ ವರ್ಷನ್‌ಗೆ ಕೊಡಿ. ಉತ್ತರ ಹೊಂದದಿದ್ದರೆ ತಪ್ಪು ನಿಮ್ಮ ಸೆಟ್ಟಿಂಗ್‌ನಲ್ಲಿದೆ ಎಂದೇ ಮೊದಲು ಹುಡುಕಿ.

ಶೇಕಡಾ ಒಂದೆರಡರ ವ್ಯತ್ಯಾಸಕ್ಕೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ನಿಮ್ಮದು ಶೇಕಡಾ 20. ಕಾರಣ ಸಿಗುವವರೆಗೆ ಯಾವ ಅಂಕಿಗೂ ಸಹಿ ಹಾಕಬೇಡಿ. ‘ನಮ್ಮ ಮಣ್ಣಿಗೆ ಹಳೆಯ ವರ್ಷನ್ನೇ ಹೊಂದುತ್ತದೆ’ ಎನ್ನುತ್ತಾ, ಬೇಕಾದ ಗುಣಾಂಕ ಬರುವಂತೆ ಫೈಲ್ ತಿದ್ದಿಕೊಡುವವರಿದ್ದಾರೆ. ಅವರನ್ನು ಸೈಟಿಗೆ ಸೇರಿಸಬೇಡಿ. ಆ ಬರೆಯ ಕೆಳಗೆ ಜನ ಮಲಗುತ್ತಾರೆ. ಕಾರಣ ಸಿಗುವವರೆಗೆ ಮಾಲೀಕರಿಗೆ, ಸಹಿಯಿಲ್ಲದೆ, ಕಡಿಮೆಯ ಅಂಕಿ 1.21ನ್ನೇ ತೋರಿಸಿ, ಮೇಲಿನ ನೀರು ತಿರುಗಿಸಲು ಚರಂಡಿ, ಬರೆಯೊಳಗಿನ ನೀರು ಬಸಿಯಲು ಪೈಪು, ಇವುಗಳ ಖರ್ಚನ್ನು ಮೊದಲು ಮುಂದಿಡಿ. ತಡೆಗೋಡೆಯ ಮಾತು ಆಮೇಲೆ.

ಪ್ರಶ್ನೆ: ರ‍್ಯಾಮ್ ಹೆಚ್ಚಿಸಿದರೆ ಉತ್ತರ ನಿಖರವಾಗುತ್ತದೆಯೇ? – ಕುಶಾಲನಗರ

ಉತ್ತರ: ಇಲ್ಲ.

ಪ್ರಶ್ನೆ: ಕ್ರ್ಯಾಕ್ ಮಾಡಿದ ಕಾಪಿ ಸಾಕಲ್ಲವೇ, ಸರ್? – ವಿರಾಜಪೇಟೆ

ಉತ್ತರ: ಯಾರು ಏನು ತಿದ್ದಿದ್ದಾರೆಂದು ಗೊತ್ತಿಲ್ಲದ ಪ್ರೋಗ್ರಾಂನ ಲೆಕ್ಕವನ್ನು ನಾನು ಓದುವುದೂ ಇಲ್ಲ.

ಪ್ರಶ್ನೆ: ಕಟ್ಟಡದ ಮಾಡೆಲ್‌ನಲ್ಲಿ ಭೂಕಂಪದ ಕೋಡನ್ನು 2002ರಿಂದ 2016ಕ್ಕೆ ಬದಲಿಸಿದೆ, ಓಲಾಟ ಜಾಸ್ತಿಯಾಯಿತು. ಸಾಫ್ಟ್‌ವೇರ್ ದೋಷವೇ? – ಗೋಣಿಕೊಪ್ಪ

ಉತ್ತರ: ಅಲ್ಲ. ಭೂಕಂಪಕ್ಕೆ ತಡೆಯುವ ವಿನ್ಯಾಸದ ಭಾರತೀಯ ಕೋಡ್ ಐಎಸ್ 1893ರ 2016ರ ಆವೃತ್ತಿ ಕಾಂಕ್ರೀಟ್ ಬಿರುಕು ಬಿಡುವುದನ್ನು ಗಣನೆಗೆ ತಂದು, ಬೀಮಿನ ಜಡತ್ವ ಮಹತ್ವವನ್ನು (ಮೊಮೆಂಟ್ ಆಫ್ ಇನರ್ಷಿಯಾ, ಬಾಗದಂತೆ ತಡೆಯುವ ಗುಣದ ಅಳತೆ) ಶೇಕಡಾ 35ಕ್ಕೆ, ಕಂಬದ್ದನ್ನು ಶೇಕಡಾ 70ಕ್ಕೆ ಇಳಿಸಿ ಲೆಕ್ಕ ಹಾಕಲು ಹೇಳುತ್ತದೆ. ಬಿಗಿತ ಕಡಿಮೆಯಾದರೆ ಓಲಾಟ ಹೆಚ್ಚುತ್ತದೆ. ಕೋಡ್ ತಂದುಕೊಂಡು ಓದಿ.