ಜಪಸರವನ್ನೂ ಬಿಡಲಾರೆ, ನನ್ನನ್ನೂ ಬಿಡಲಾರೆ

ಪ್ರಶ್ನೆ: ನಾನು ದಾವಣಗೆರೆಯವನು, ಕಥೋಲಿಕ ಕ್ರೈಸ್ತ, ವಯಸ್ಸು 28. ಖಾಸಗಿ ಕಾಲೇಜಿನಲ್ಲಿ ಉಪನ್ಯಾಸಕ. ಚರ್ಚಿನ ಭಾನುವಾರದ ಬಲಿಪೂಜೆಯಲ್ಲಿ (ಮಾಸ್) ಗಾಯನವೃಂದದೊಂದಿಗೆ ಕೀಬೋರ್ಡ್ ನುಡಿಸುತ್ತೇನೆ. ನನ್ನ ಮನಸ್ಸು ಒಲಿಯುವುದು ಗಂಡಸರಿಗೆ ಎಂಬುದು ಪಿಯುಸಿ ದಿನಗಳಿಂದಲೇ ಗೊತ್ತು. ಸೆಪ್ಟೆಂಬರ್ 8ರ ಮರಿಯ ಮಾತೆಯ ಹಬ್ಬಕ್ಕೆ ಹರಿಹರಕ್ಕೆ ಹೋದಾಗಲೆಲ್ಲ ‘ಇದನ್ನು ನನ್ನಿಂದ ತೆಗೆದುಬಿಡು’ ಎಂದು ಆರೋಗ್ಯ ಮಾತೆಯನ್ನು ಬೇಡಿಕೊಂಡಿದ್ದೇನೆ. ಏನೂ ಬದಲಾಗಲಿಲ್ಲ. ಈಗ ಮನೆಯವರು ಶಿವಮೊಗ್ಗದ ಕಡೆಯ ಸಂಬಂಧವೊಂದನ್ನು ನೋಡಿದ್ದಾರೆ. ಸಮಾನ ಹಕ್ಕಿಗಾಗಿ ದುಡಿಯುವ ಬೆಂಗಳೂರಿನ ಗೆಳೆಯರು ಚರ್ಚ್ ಬಿಟ್ಟು ಬಾ ಎನ್ನುತ್ತಾರೆ. ವಿಷಯ ತಿಳಿದಿರುವ ಸೋದರಸಂಬಂಧಿ, ಆ ಹಕ್ಕುಗಳನ್ನು ಕೇಳುವುದೇ ವಿಶ್ವಾಸಕ್ಕೆ ದ್ರೋಹ ಎನ್ನುತ್ತಾನೆ. ಜಪಸರವನ್ನೂ ಬಿಡಲಾರೆ, ನನ್ನನ್ನೂ ಬಿಡಲಾರೆ. ಮದುವೆಯಾಗಿಬಿಟ್ಟರೆ ಎಲ್ಲ ಸರಿಹೋಗುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ದಿನ ನಿಗದಿಯಾಗುವ ಅಪಾಯವಿದೆ. ಇಲ್ಲ, ಸರಿಹೋಗುವುದಿಲ್ಲ. ದಯವಿಟ್ಟು ಈ ಮದುವೆಗೆ ಒಪ್ಪಬೇಡಿ.

ಇದನ್ನು ಆಪ್ತಸಮಾಲೋಚಕನಾಗಿ ಮಾತ್ರ ಹೇಳುತ್ತಿಲ್ಲ, ನಿಮ್ಮದೇ ಧರ್ಮಸಭೆಯ, ಅಂದರೆ ಕಥೋಲಿಕ ಚರ್ಚಿನ, ಕಾನೂನನ್ನು ಹಿಡಿದು ಹೇಳುತ್ತಿದ್ದೇನೆ. 1983ರ ಧರ್ಮಸಭಾ ಸಂಹಿತೆಯ 219ನೆಯ ನಿಯಮದ ಪ್ರಕಾರ, ತನ್ನ ಜೀವನಾವಸ್ಥೆಯನ್ನು ಆರಿಸಿಕೊಳ್ಳುವಲ್ಲಿ ಯಾವುದೇ ಬಲವಂತಕ್ಕೆ ಒಳಗಾಗದಿರುವುದು ಪ್ರತಿಯೊಬ್ಬ ವಿಶ್ವಾಸಿಯ ಹಕ್ಕು. ಬಲಾತ್ಕಾರದಿಂದಲೋ ಗಂಭೀರ ಭಯದಿಂದಲೋ ಆದ ಮದುವೆ ಸಿಂಧುವಲ್ಲ ಎನ್ನುತ್ತದೆ 1103ನೆಯ ನಿಯಮ. ದಾಂಪತ್ಯವನ್ನೇ ಕದಡಬಲ್ಲ ಒಂದು ಸಂಗತಿಯನ್ನು, ಒಪ್ಪಿಗೆ ಪಡೆಯಲೆಂದೇ ಮರೆಮಾಚಿ ವಂಚಿಸಿದ್ದರೆ ಆ ಒಪ್ಪಿಗೆಯೂ ನಿಲ್ಲುವುದಿಲ್ಲ ಎನ್ನುತ್ತದೆ 1098. ಮದುವೆಗೆ ಮುಂಚೆ ಧರ್ಮಕೇಂದ್ರದ (ಊರಿನ ಚರ್ಚಿನ) ಗುರುಗಳು ವಧುವರರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು, ಸ್ವಂತ ಇಚ್ಛೆಯಿಂದ ಬಂದಿದ್ದೀರಾ, ಏನನ್ನಾದರೂ ಮುಚ್ಚಿಟ್ಟಿದ್ದೀರಾ ಎಂದು ವಿಚಾರಿಸುತ್ತಾರೆ. ಆ ಕುರ್ಚಿಯಲ್ಲಿ ಕುಳಿತು ನೀವು ಏನು ಹೇಳುತ್ತೀರಿ? ಅಪ್ಪ ಅಮ್ಮನನ್ನು ನೋಯಿಸಬಾರದೆಂದು ಹೊರಟವರು ಅಲ್ಲಿ ದೇವರ ಹೆಸರಿನಲ್ಲಿಯೇ ಸುಳ್ಳು ಹೇಳಬೇಕಾಗುತ್ತದೆ.

ಇನ್ನು ಆ ಹುಡುಗಿ. ನಿಮ್ಮ ಪತ್ರದಲ್ಲಿ ಆಕೆಯ ಬಗ್ಗೆ ಇರುವುದು ಒಂದೇ ಒಂದು ಸಾಲು. ಇಂತಹ ಮದುವೆಗಳು ಮುರಿದಾಗ ಹೆಚ್ಚು ಬೆಲೆ ತೆರುವವಳು ಆಕೆ. ತನ್ನಲ್ಲಿಯೇ ಏನೋ ಕೊರತೆಯಿದೆ ಎಂದು ಒಳಗೊಳಗೇ ಕೊರಗುತ್ತಾಳೆ. ಬಿಡುಗಡೆಗಾಗಿ ಎರಡು ಕಡೆ ಅಲೆಯುತ್ತಾಳೆ: ಮರುಮದುವೆಗೆ ಚರ್ಚ್ ಒಪ್ಪಬೇಕಾದರೆ ಧರ್ಮಪ್ರಾಂತ್ಯದ (ಬಿಷಪರ ಆಡಳಿತದ ಪ್ರದೇಶ) ನ್ಯಾಯಪೀಠದ ತೀರ್ಪು ಬೇಕು, ದೇಶದ ಕಾನೂನು ಒಪ್ಪಬೇಕಾದರೆ 1869ರ ವಿಚ್ಛೇದನ ಕಾಯ್ದೆಯಡಿ ನ್ಯಾಯಾಲಯದ ಆದೇಶ ಬೇಕು. ಚರ್ಚ್ ನ್ಯಾಯಪೀಠದ ತೀರ್ಪು ನಾಗರಿಕ ಕಾನೂನಿನ ಮುಂದೆ ನಿಲ್ಲದು ಎಂಬುದನ್ನು ಸುಪ್ರೀಂ ಕೋರ್ಟ್ 2017ರಲ್ಲಿಯೂ ಖಚಿತಪಡಿಸಿದೆ. ಮನೆಯವರಿಗೆ ನಿಮ್ಮ ಕಾರಣವನ್ನು ಇವತ್ತೇ ಹೇಳಬೇಕೆಂದಿಲ್ಲ. ‘ನನಗೆ ಮದುವೆ ಬೇಡ, ಒಬ್ಬ ಹೆಣ್ಣುಮಗಳಿಗೆ ನಾನು ನ್ಯಾಯ ಒದಗಿಸಲಾರೆ’ ಎಂದರೆ ಅಷ್ಟರಮಟ್ಟಿಗೆ ಅದು ಪೂರ್ಣ ಸತ್ಯ. ಬೇಡ ಎಂದ ಕೂಡಲೇ ‘ಹಾಗಾದರೆ ಗುರುಮಠ ಸೇರಿ ಪಾದ್ರಿಯಾಗು’ ಎಂಬ ಸಲಹೆ ಬರಬಹುದು. ಅದು ಕರೆಯಿದ್ದವರಿಗೆ ಇರುವ ದಾರಿಯೇ ಹೊರತು ಅಡಗಿಕೊಳ್ಳುವ ಜಾಗವಲ್ಲ. ಜೊತೆಗೆ, ಆಳವಾಗಿ ಬೇರೂರಿದ ಸಲಿಂಗ ಒಲವುಳ್ಳವರನ್ನು ಸೇರಿಸಿಕೊಳ್ಳಬಾರದೆಂದು ವ್ಯಾಟಿಕನ್ 2005ರಲ್ಲಿ ಸೂಚನೆ ಕೊಟ್ಟಿದೆ.

ಈಗ ವಿಶ್ವಾಸದ ವಿಷಯ. ಧರ್ಮಸಭೆಯ ಬೋಧನೆಯನ್ನು ನಾನು ಸಿಹಿ ಸವರಿ ಹೇಳುವುದಿಲ್ಲ. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 2357ರಿಂದ 2359ರವರೆಗಿನ ಕಂಡಿಕೆಗಳನ್ನು ನೀವೇ ಓದಿ, ಯಾರದೋ ಬಾಯಿಂದ ಕೇಳಬೇಡಿ. ಸಲಿಂಗ ಲೈಂಗಿಕ ಕ್ರಿಯೆಯನ್ನು ಅದು ಒಪ್ಪುವುದಿಲ್ಲ, ಅದರ ಮಾತು ಕಟುವಾಗಿಯೇ ಇದೆ. ಸಲಿಂಗಿಗಳು ಬ್ರಹ್ಮಚರ್ಯದಲ್ಲಿ ಬಾಳಬೇಕೆನ್ನುತ್ತದೆ. ಅದೇ ಪುಟದಲ್ಲಿ, ಇಂಥವರನ್ನು ಗೌರವ, ಸಹಾನುಭೂತಿ, ಸೂಕ್ಷ್ಮತೆಗಳಿಂದ ಬರಮಾಡಿಕೊಳ್ಳಬೇಕು, ಅವರ ವಿರುದ್ಧ ಅನ್ಯಾಯದ ತಾರತಮ್ಯದ ಸುಳಿವೂ ಇರಬಾರದು ಎಂದೂ ಹೇಳುತ್ತದೆ. ನಮ್ಮ ಧರ್ಮಕೇಂದ್ರಗಳಲ್ಲಿ ಮೊದಲ ಭಾಗ ಎಲ್ಲರಿಗೂ ಬಾಯಿಪಾಠ. ಎರಡನೆಯದನ್ನು ಪ್ರಸಂಗದಲ್ಲಿ ಕೇಳಿದವರು ಅಪರೂಪ, ಮತ್ತು ಇದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಹಾಗೆಂದ ಮೇಲೆ ಒಂದನ್ನು ಸ್ಪಷ್ಟಪಡಿಸಿಕೊಳ್ಳಿ. ಆಕರ್ಷಣೆ ಪಾಪವಲ್ಲ. ಧರ್ಮಸಭೆ ಹಾಗೆ ಎಂದೂ ಬೋಧಿಸಿಲ್ಲ. ನೀವು ಪಾಪನಿವೇದನೆಯಲ್ಲಿ ‘ನಾನು ಇಂಥವನು’ ಎಂದು ಕ್ಷಮೆ ಬೇಡುತ್ತಿದ್ದರೆ, ಇರುವಿಕೆಗೆ ಕ್ಷಮೆ ಬೇಡುವುದನ್ನು ನಿಲ್ಲಿಸಿ. ಹೀಗಿದ್ದೀರಿ ಎಂಬ ಒಂದೇ ಕಾರಣಕ್ಕೆ ಪರಮಪ್ರಸಾದದ ಸಾಲಿನಿಂದ ಹಿಂದೆ ಸರಿಯಬೇಕಾಗಿಲ್ಲ, ಕೀಬೋರ್ಡ್ ಬಿಡಬೇಕಾಗಿಯೂ ಇಲ್ಲ. ದೀಕ್ಷಾಸ್ನಾನದಿಂದ ಬಂದ ಸ್ಥಾನವನ್ನು ಪಕ್ಕದ ಬೆಂಚಿನವರು ಕಸಿದುಕೊಳ್ಳಲಾರರು. ಮುಂದೊಂದು ದಿನ ಸಂಗಾತಿಯೊಂದಿಗೆ ಬಾಳಲು ನಿರ್ಧರಿಸಿದರೆ ಪ್ರಶ್ನೆ ಬೇರೆಯಾಗುತ್ತದೆ, ಬೋಧನೆಯೊಂದಿಗೆ ನೇರ ಘರ್ಷಣೆ ಶುರುವಾಗುತ್ತದೆ, ಅದನ್ನು ಮುಚ್ಚಿಟ್ಟರೆ ನಿಮಗೆ ಮೋಸ ಮಾಡಿದಂತೆ. ಆ ಹೊತ್ತಿಗೆ ನಿಮ್ಮ ನೆರವಿಗಿರುವುದು ಅಂತಃಸಾಕ್ಷಿ. ಮನುಷ್ಯ ದೇವರೊಂದಿಗೆ ಏಕಾಂತದಲ್ಲಿರುವ ಗರ್ಭಗುಡಿ ಅದು ಎಂಬ ಅರ್ಥದ ಮಾತನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೇಳಿತು. ಖಚಿತವಾದ ಅಂತಃಸಾಕ್ಷಿಯ ತೀರ್ಪನ್ನು ಪಾಲಿಸಲೇಬೇಕು ಎಂದು ಧರ್ಮೋಪದೇಶ ಗ್ರಂಥವೇ 1790ನೆಯ ಕಂಡಿಕೆಯಲ್ಲಿ ಹೇಳುತ್ತದೆ. ಅಂತಃಸಾಕ್ಷಿಯೆಂದರೆ ಮನಸ್ಸಿಗೆ ತೋಚಿದ್ದಲ್ಲ. ಓದಿ, ಪ್ರಾರ್ಥಿಸಿ, ತಿಳಿದವರೊಂದಿಗೆ ವಾದಿಸಿ ರೂಪಿಸಿಕೊಳ್ಳಬೇಕಾದದ್ದು. ಅದಕ್ಕೆ ವರ್ಷಗಳು ಹಿಡಿದರೂ ಅಡ್ಡಿಯಿಲ್ಲ. ಈ ದಾರಿಯಲ್ಲಿ ನಿಷ್ಠೆಯಿಂದ ನಡೆದು ಬೇರೆ ಬೇರೆ ಕಡೆ ತಲುಪಿದ ಕಥೋಲಿಕರಿದ್ದಾರೆ: ಬ್ರಹ್ಮಚರ್ಯವನ್ನು ಪ್ರೀತಿಯಿಂದ ಅಪ್ಪಿಕೊಂಡವರು, ಸಂಗಾತಿಯೊಂದಿಗೆ ಬಾಳುತ್ತಲೇ ಬಲಿಪೂಜೆಯನ್ನು ತಪ್ಪಿಸದವರು. ಇಬ್ಬರನ್ನೂ ನಾನು ಗೌರವಿಸುತ್ತೇನೆ.

ಸಮಾನ ಹಕ್ಕು ಕೇಳುವುದು ದ್ರೋಹ ಎಂಬ ನಿಮ್ಮ ಸೋದರಸಂಬಂಧಿಯ ಮಾತು ತಪ್ಪು. ಸಲಿಂಗಿಗಳಿಗೆ ಶಿಕ್ಷೆ ವಿಧಿಸುವ ಕಾನೂನುಗಳನ್ನು ಕೈಬಿಡಿ ಎಂದು 2008ರಲ್ಲಿ ವಿಶ್ವಸಂಸ್ಥೆಯಲ್ಲಿ ದೇಶಗಳನ್ನು ಕೋರಿದ್ದು ವ್ಯಾಟಿಕನ್. 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೆಯ ಕಲಮನ್ನು ಮತ್ತೆ ಎತ್ತಿಹಿಡಿದಾಗ, ಸಲಿಂಗಿಗಳನ್ನು ಚರ್ಚ್ ಅಪರಾಧಿಗಳೆಂದು ಕಂಡಿಲ್ಲ ಎಂದವರು ಮುಂಬೈನ ಕಾರ್ಡಿನಲ್ ಓಸ್ವಾಲ್ಡ್ ಗ್ರೇಶಿಯಸ್. ಸಲಿಂಗಿಯಾಗಿರುವುದು ಅಪರಾಧವಲ್ಲ ಎಂದು ಪೋಪ್ ಫ್ರಾನ್ಸಿಸ್ 2023ರ ಜನವರಿಯಲ್ಲಿ ನೇರವಾಗಿ ಹೇಳಿದರು, ಅಂತಹ ಕಾನೂನುಗಳನ್ನು ಬೆಂಬಲಿಸುವ ಧರ್ಮಾಧ್ಯಕ್ಷರ (ಬಿಷಪರ) ಮನಸ್ಸು ಬದಲಾಗಬೇಕೆಂದರು. ಕೆಲಸ, ಬಾಡಿಗೆ ಮನೆ, ಆಸ್ಪತ್ರೆ, ಪೊಲೀಸ್ ಠಾಣೆಯಲ್ಲಿ ಮರ್ಯಾದೆ, ಇವನ್ನು ಕೇಳಲು ವಿಶ್ವಾಸವೇ ನಿಮ್ಮನ್ನು ಪ್ರೇರೇಪಿಸುತ್ತದೆ. ಮದುವೆಯ ಹಕ್ಕಿನಲ್ಲಿ ಮಾತ್ರ ಧರ್ಮಸಭೆ ನಿಮ್ಮ ಗೆಳೆಯರೊಂದಿಗಿಲ್ಲ. 2023ರ ಡಿಸೆಂಬರ್ 18ರಂದು ವ್ಯಾಟಿಕನ್ ಸಲಿಂಗ ಜೋಡಿಗಳಿಗೆ ಗುರುಗಳು ಸರಳ ಆಶೀರ್ವಾದ ನೀಡಬಹುದೆಂದಿತು, ಅದು ಮದುವೆಯಲ್ಲ ಎಂದೂ ಖಚಿತಪಡಿಸಿತು. ಪೋಪ್ 14ನೆಯ ಲಿಯೋ ಅವರೂ ಬೋಧನೆ ಸದ್ಯಕ್ಕೆ ಬದಲಾಗುವ ಲಕ್ಷಣವಿಲ್ಲ ಎಂದಿದ್ದಾರೆ. ನನ್ನ ಅಭಿಪ್ರಾಯ ಹೇಳುವುದಾದರೆ, 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಣಾಧಿಕಾರಿಯ ಮುಂದೆ ಆಗುವ ಮದುವೆ ನಾಗರಿಕ ವ್ಯವಹಾರ. ಅದು ಚರ್ಚಿನ ಯಾವ ಸಂಸ್ಕಾರವನ್ನೂ ಮುಟ್ಟುವುದಿಲ್ಲ. ಅದನ್ನು ಎಲ್ಲರಿಗೂ ಕೊಡಿ ಎಂದು ಒಬ್ಬ ಕಥೋಲಿಕ ಪ್ರಜೆ ಸರ್ಕಾರವನ್ನು ಕೇಳಬಹುದು. ನನ್ನೊಂದಿಗೆ ಒಪ್ಪದ ಗುರುಗಳು ಅನೇಕರಿದ್ದಾರೆ.

ಚರ್ಚ್ ಬಿಡು ಎನ್ನುವ ಗೆಳೆಯರ ಮೇಲೆ ಮುನಿಯಬೇಡಿ. ಅವರಲ್ಲಿ ಹಲವರು ಧರ್ಮದ ಹೆಸರಿನಲ್ಲಿ ಮನೆಯಿಂದ ಹೊರದೂಡಿಸಿಕೊಂಡವರು. ಆದರೆ ಅವರ ಗಾಯಕ್ಕೆ ನಿಮ್ಮ ಪ್ರಾರ್ಥನೆಯನ್ನು ಬೆಲೆಯಾಗಿ ಕೊಡಬೇಕಾಗಿಲ್ಲ.

ಒಂದು ಎಚ್ಚರಿಕೆ. ಶಿವಮೊಗ್ಗ ಧರ್ಮಪ್ರಾಂತ್ಯದೊಳಗೇ ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ ಮೂರೂ ಬರುತ್ತವೆ. ಗುರುಗಳು, ಸಿಸ್ಟರ್‌ಗಳು, ಕುಟುಂಬಗಳು ಒಬ್ಬರಿಗೊಬ್ಬರು ಗೊತ್ತು. ಪಾಪನಿವೇದನೆಯ ಗುಟ್ಟನ್ನು ಗುರುಗಳು ಯಾವ ಕಾರಣಕ್ಕೂ ಬಯಲುಮಾಡುವಂತಿಲ್ಲ, ಧರ್ಮಸಭಾ ಸಂಹಿತೆಯ 983ನೆಯ ನಿಯಮ ಅಷ್ಟು ಕಠಿಣ. ಆದರೆ ಚರ್ಚ್ ಅಂಗಳದಲ್ಲಿ ಚಹಾ ಕುಡಿಯುತ್ತಾ ಹೇಳಿದ ಮಾತಿಗೆ ಆ ನಿಯಮದ ರಕ್ಷಣೆಯಿಲ್ಲ. ಮೊದಲ ಸಲ ಮಾತನಾಡಲು ನಿಮ್ಮ ಧರ್ಮಕೇಂದ್ರಕ್ಕೆ ಸಂಬಂಧಿಸದ, ಬೇರೆ ಊರಿನ ಆತ್ಮಿಕ ಮಾರ್ಗದರ್ಶಕರನ್ನು ಹುಡುಕಿಕೊಳ್ಳಿ. ರಾತ್ರಿ ಮನಸ್ಸು ತೀರಾ ಕುಗ್ಗಿದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ.

ಪ್ರಶ್ನೆ: ಚಿತ್ರದುರ್ಗದಲ್ಲಿರುವ ಕಥೋಲಿಕ ತಾಯಿ ನಾನು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ 26 ವರ್ಷದ ಮಗಳು ತಾನು ಒಬ್ಬ ಹುಡುಗಿಯನ್ನು ಪ್ರೀತಿಸುವುದಾಗಿ ಹೇಳಿದ್ದಾಳೆ. ಕ್ರಿಸ್ಮಸ್‌ಗೆ ಇಬ್ಬರೂ ಬರುತ್ತಾರಂತೆ. ಮನೋವೈದ್ಯರಿಗೆ ತೋರಿಸಿ, ಇಲ್ಲವೇ ಧ್ಯಾನಕೇಂದ್ರದಲ್ಲಿ ಒಂದಷ್ಟು ದಿನ ಬಿಟ್ಟು ಗುಣಪಡಿಸಿ ಎನ್ನುತ್ತಾನೆ ನನ್ನ ಅಣ್ಣ. ನನ್ನ ಸಾಕಣೆಯಲ್ಲಿ ಏನು ತಪ್ಪಾಯಿತು?

ಉತ್ತರ: ಏನೂ ತಪ್ಪಾಗಿಲ್ಲ ತಾಯಿ. ಸಾಕಣೆಯಿಂದ ಇದು ಬರುವುದಿಲ್ಲ, ಹೋಗುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಸಲಿಂಗ ಒಲವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಇದು ಮಾನಸಿಕ ಕಾಯಿಲೆಯಲ್ಲ ಎಂದು ಭಾರತದ ಮನೋವೈದ್ಯರ ಸಂಘವೂ 2018ರಲ್ಲಿ ಸಾರಿತು. ಸಮಾಜದ ನೀತಿಗೋ ಧಾರ್ಮಿಕ ನಂಬಿಕೆಗೋ ಹೊಂದದ ಕಾರಣಕ್ಕೆ ಯಾರನ್ನೂ ಮನೋರೋಗಿ ಎನ್ನುವಂತಿಲ್ಲ ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ. ಮದರಾಸು ಹೈಕೋರ್ಟಿನ ಆದೇಶದ ಬೆನ್ನಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ, ಒಲವನ್ನು ಬದಲಿಸುವ ‘ಚಿಕಿತ್ಸೆ’ ವೃತ್ತಿ ದುರ್ನಡತೆ ಎಂದು 2022ರಲ್ಲಿ ಘೋಷಿಸಿತು. ಹಾಗಾಗಿ ಬದಲಾಯಿಸಿ ಕೊಡುತ್ತೇನೆ ಎನ್ನುವ ವೈದ್ಯರು ಸಿಕ್ಕರೆ ಅಲ್ಲಿಂದ ಎದ್ದು ಬನ್ನಿ.

ಧ್ಯಾನಕೂಟಕ್ಕೆ ಮಗಳು ತಾನಾಗಿ ಹೋಗಬಯಸಿದರೆ ಸಂತೋಷ. ಬಲವಂತವಾಗಿ ಬಿಟ್ಟುಬರುವುದು ಬೇರೆ ಮಾತು. ಆಕೆ ವಯಸ್ಕಳು, ಇಚ್ಛೆಯ ವಿರುದ್ಧ ಕೂಡಿಹಾಕುವುದು ಅಪರಾಧ. ಇಂತಹ ಪ್ರಕರಣಗಳಲ್ಲಿ ಆಪ್ತಸಮಾಲೋಚನೆಯ ನೆಪದಲ್ಲಿ ಯಾರ ಒಲವನ್ನೂ ಬದಲಿಸಲು ಯತ್ನಿಸಬಾರದೆಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್‌ನಲ್ಲಿ ನ್ಯಾಯಾಲಯಗಳಿಗೇ ಹೇಳಿದೆ. ನಿಮ್ಮ ಅಣ್ಣನಿಗೆ ಇದನ್ನು ತೋರಿಸಿ.

ಪೋಪ್ ಫ್ರಾನ್ಸಿಸ್ 2022ರ ಜನವರಿಯ ಒಂದು ಸಾರ್ವಜನಿಕ ಭೇಟಿಯಲ್ಲಿ ನಿಮ್ಮಂಥ ಹೆತ್ತವರನ್ನೇ ನೆನೆದು, ಮಕ್ಕಳ ಲೈಂಗಿಕ ಒಲವು ಬೇರೆಯೆಂದು ತಿಳಿದಾಗ ಅವರ ಜೊತೆ ನಿಲ್ಲಿ, ಖಂಡನೆಯ ಹಿಂದೆ ಅಡಗಿಕೊಳ್ಳಬೇಡಿ ಎಂಬರ್ಥದ ಮಾತಾಡಿದ್ದರು. ನಿಮಗೆ ಅಳು ಬಂದರೆ ಅಳಿ. ಮೊಮ್ಮಕ್ಕಳ ಕನಸು, ಊರಿನ ಬಾಯಿ, ಎಲ್ಲವೂ ನಿಮ್ಮನ್ನು ಕಾಡುತ್ತಿರಬಹುದು, ಅದು ಸಣ್ಣ ನೋವಲ್ಲ. ಆ ಅಳುವನ್ನು ಮಗಳ ಮುಂದೆ ಬೆದರಿಕೆಯಾಗಿ ಇಡಬೇಡಿ ಅಷ್ಟೆ. ಎಲ್ಲವನ್ನೂ ಒಪ್ಪಿದ ಮೇಲೆಯೇ ಬಾಗಿಲು ತೆರೆಯಬೇಕೆಂದಿಲ್ಲ. ಕ್ರಿಸ್ಮಸ್‌ಗೆ ಇಬ್ಬರೂ ಬರಲಿ. ಆ ಹುಡುಗಿಗೆ ಏನು ಇಷ್ಟ ಎಂದು ಮಗಳನ್ನು ಮೊದಲೇ ಫೋನಿನಲ್ಲಿ ಕೇಳಿ. ನೆಂಟರಿಗೆ ಏನು ಹೇಳಬೇಕೆಂಬುದನ್ನು ಮಗಳೇ ತೀರ್ಮಾನಿಸಲಿ. ಆಕೆಯನ್ನು ಕೇಳದೆ ನೀವು ಯಾರಿಗೂ ಹೇಳಬೇಡಿ, ನಿಮ್ಮ ಅತ್ಯಂತ ನೆಚ್ಚಿನ ಸಿಸ್ಟರ್‌ಗೂ.

ಪ್ರಶ್ನೆ: ನಾವಿಬ್ಬರು ಗಂಡಸರು ದಾವಣಗೆರೆಯಲ್ಲಿ ಬಹುಕಾಲದಿಂದ ಒಂದೇ ಮನೆಯಲ್ಲಿದ್ದೇವೆ. ನಾನು ಕಥೋಲಿಕ. ಊರಿಗೆ ನಾವು ‘ರೂಮ್‌ಮೇಟ್’ಗಳು. ನನಗೇನಾದರೂ ಆದರೆ ಅವನ ಗತಿಯೇನು?

ಉತ್ತರ: ಈ ಪ್ರಶ್ನೆಯನ್ನು ಆರೋಗ್ಯವಾಗಿರುವಾಗಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. 377ನೆಯ ಕಲಮಿನ ಬಗ್ಗೆ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಕೊಟ್ಟ ತೀರ್ಪಿನ ನಂತರ ನಿಮ್ಮ ಬಾಳುವೆ ಅಪರಾಧವಲ್ಲ. ಆದರೆ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಸಲಿಂಗ ವಿವಾಹದ ಹಕ್ಕನ್ನು ಮಾನ್ಯ ಮಾಡಲಿಲ್ಲ, ಮರುಪರಿಶೀಲನಾ ಅರ್ಜಿಗಳೂ 2025ರ ಜನವರಿಯಲ್ಲಿ ವಜಾ ಆದವು. ಆದ್ದರಿಂದ ಸತಿಪತಿಗಳಿಗೆ ತಾನಾಗಿ ಸಿಗುವುದನ್ನು ನೀವು ಒಂದೊಂದಾಗಿ ಕಾಗದದ ಮೇಲೆ ಕಟ್ಟಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಉಯಿಲು. ಉಯಿಲಿಲ್ಲದೆ ಕ್ರೈಸ್ತನೊಬ್ಬ ತೀರಿಕೊಂಡರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಆಸ್ತಿ ಸಂಗಾತಿಗೆ ಹೋಗುವುದಿಲ್ಲ, ರಕ್ತಸಂಬಂಧಿಗಳಿಗೆ ಹೋಗುತ್ತದೆ. ಉಯಿಲು ಬರೆದರೆ ನಿಮ್ಮ ಆಸ್ತಿಯನ್ನು ಬಯಸಿದವರಿಗೆ ಕೊಡಬಹುದು. ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು. ಸಂಗಾತಿಯನ್ನೇ ಸಾಕ್ಷಿ ಮಾಡಬೇಡಿ, ಮಾಡಿದರೆ ಅವನಿಗೆ ಬರೆದ ಪಾಲು ರದ್ದಾಗುತ್ತದೆ. ನೋಂದಣಿ ಕಡ್ಡಾಯವಲ್ಲ, ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾಡಿಸಿ, ತಕರಾರು ಕಡಿಮೆಯಾಗುತ್ತದೆ. ಜಂಟಿ ಬ್ಯಾಂಕ್ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ತಿಳಿಸಿದೆ. ಶಾಖೆಯಲ್ಲಿ ತಗಾದೆ ಮಾಡಿದರೆ ಆ ಸೂಚನೆಯ ಪ್ರತಿಯನ್ನು ಮುಂದಿಡಿ. ಪಡಿತರ ಚೀಟಿಗೆ ಸಂಗಾತಿಗಳನ್ನು ಒಂದೇ ಮನೆಯವರೆಂದು ಪರಿಗಣಿಸಬೇಕೆಂದೂ ಕೇಂದ್ರ ರಾಜ್ಯಗಳಿಗೆ ಬರೆದಿದೆ. ನಾಮಿನಿ ಹಣವನ್ನು ಪಡೆದುಕೊಳ್ಳುವವನು ಮಾತ್ರ, ವಾರಸುದಾರನಲ್ಲ, ಆದ್ದರಿಂದ ಖಾತೆಯ ವಿವರ ಉಯಿಲಿನಲ್ಲಿಯೂ ಇರಲಿ. ಮಾನಸಿಕ ಆರೋಗ್ಯದ ಚಿಕಿತ್ಸೆಯ ಮಟ್ಟಿಗೆ 2017ರ ಕಾಯ್ದೆಯ 14ನೆಯ ಕಲಂ ಪ್ರಕಾರ ಅವನನ್ನು ನಿಮ್ಮ ಪ್ರತಿನಿಧಿಯಾಗಿ ಬರವಣಿಗೆಯಲ್ಲಿ ನೇಮಿಸಬಹುದು.

ವಕೀಲರ ಶುಲ್ಕದ ಚಿಂತೆಯಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಿ, ಸಹಾಯವಾಣಿ 15100. ಅಂತ್ಯಸಂಸ್ಕಾರ ಯಾವ ಚರ್ಚಿನಲ್ಲಿ, ಯಾವ ಸಮಾಧಿಭೂಮಿಯಲ್ಲಿ ಎಂಬ ಇಚ್ಛೆಯನ್ನು ಬೇರೊಂದು ಹಾಳೆಯಲ್ಲಿ ಬರೆದು ಸಹಿ ಮಾಡಿ, ಏಕೆಂದರೆ ಉಯಿಲನ್ನು ತೆರೆಯುವ ಹೊತ್ತಿಗೆ ಮಣ್ಣು ಮಾಡಿ ಮುಗಿದಿರುತ್ತದೆ. ಈ ಕಾಗದಗಳ ಮೂಲಪ್ರತಿ ಎಲ್ಲಿದೆ ಎಂಬುದು ನಿಮ್ಮಿಬ್ಬರನ್ನು ಬಿಟ್ಟು ಇನ್ನೊಬ್ಬ ನಂಬಿಗಸ್ತರಿಗೂ ಗೊತ್ತಿರಲಿ.