‘ನೋಡೋಣ’ ಎನ್ನುವ ಗಿರಾಕಿ: ಮನೆ–ನಿವೇಶನ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳು ಹೆಚ್ಚೂಕಡಿಮೆ ಒಂದೇ ವಿಷಯದ ಸುತ್ತ ಇವೆ: ಮನೆ ನೋಡುತ್ತಲೇ ಇರುವವರು, ಮನೆ ತೋರಿಸುತ್ತಲೇ ಇರುವವರು. ಎರಡೂ ಕಡೆಯವರಿಗೆ ಒಟ್ಟಿಗೇ ಉತ್ತರಿಸಿದ್ದೇವೆ.

ಪ್ರಶ್ನೆ: ಒಂದೇ ಕುಟುಂಬಕ್ಕೆ ಐದು ತಿಂಗಳಲ್ಲಿ 23 ಮನೆ ತೋರಿಸಿದ್ದೇನೆ. ವಿನೋಬನಗರ, ಗೋಪಾಳ, ನವುಲೆ, ಗಾಡಿಕೊಪ್ಪ ಎಲ್ಲ ಆಯಿತು. ಬಜೆಟ್ 60 ಲಕ್ಷದ ಆಸುಪಾಸು ಅಂತಾರೆ. ಪ್ರತಿ ಸಲವೂ ‘ಚೆನ್ನಾಗಿದೆ, ನೋಡೋಣ’. ಇವರನ್ನು ಕೈಬಿಡಲೇ?
– ಮನೆ ಏಜೆಂಟ್, ಶಿವಮೊಗ್ಗ

ಉತ್ತರ: ಕೈಬಿಡಬೇಡಿ. ಆದರೆ 24ನೆಯ ಮನೆ ತೋರಿಸಬೇಡಿ. ಆರೇಳು ಮನೆ ದಾಟಿದ ಮೇಲೆ ಯಾವ ಅಡುಗೆಮನೆ ಯಾವ ಬೀದಿಯದು ಎಂಬುದೇ ಕಲಸಿಹೋಗುತ್ತದೆ. 23 ತೋರಿಸಿದ್ದರಲ್ಲಿ ನಿಮ್ಮ ಪಾಲಿನ ತಪ್ಪೂ ಇದೆ.

ಮೊದಲು ಅವರನ್ನು ಒಂದು ಮೇಜಿನ ಮುಂದೆ ಕೂರಿಸಿ, ಮುಕ್ಕಾಲು ಗಂಟೆ ಸಾಕು. ಮೊಬೈಲಿನಲ್ಲಿರುವ ಫೋಟೊ ನೋಡದೆ, ಕಂಡ ಮನೆಗಳಲ್ಲಿ ಯಾವ ಎರಡು ಮನೆ ನೆನಪಿವೆ ಎಂದು ಕೇಳಿ. ನೆನಪಿರುವುದೇ ಅವರಿಗೆ ಬೇಕಾದ ಮನೆಯ ಜಾತಿ. ಆಮೇಲೆ ಒಂದೇ ಪ್ರಶ್ನೆ: ‘ಅದನ್ನು ಯಾಕೆ ತಗೊಳ್ಳಲಿಲ್ಲ?’ ಬರುವ ಉತ್ತರವನ್ನು ಪೂರ್ತಿ ನಂಬಬೇಡಿ. ನಮ್ಮ ಕಡೆಯವರು ‘ದುಡ್ಡು ಸಾಲದು’ ಎಂದು ಬಾಯಿಬಿಟ್ಟು ಹೇಳುವುದು ಅಪರೂಪ. ‘ಅಡುಗೆಮನೆ ಸಣ್ಣದಾಯ್ತು’ ಎನ್ನುತ್ತಾರೆ.

ಹಾಗಾಗಿ ಹಣದ ಲೆಕ್ಕವನ್ನು ಅವರ ಎದುರೇ, ಅವರ ಕೈಯಲ್ಲೇ ಬರೆಸಿ. 62 ಲಕ್ಷದ ಮನೆ ಎಂದಿಟ್ಟುಕೊಳ್ಳಿ. 30ರಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಮನೆಬೆಲೆಯ ಶೇ. 80ಕ್ಕಿಂತ ಹೆಚ್ಚು ಕೊಡುವಂತಿಲ್ಲ, ಅಂದರೆ 49.6 ಲಕ್ಷ. ಉಳಿದ 12.4 ಲಕ್ಷ ಕೈಯಿಂದ ಹಾಕಬೇಕು. ಇಲ್ಲಿಗೆ ಲೆಕ್ಕ ಮುಗಿಯಿತು ಎಂದುಕೊಂಡೇ ಜನ ಮನೆ ನೋಡಲು ಹೊರಡುತ್ತಾರೆ. ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು–ಸರ್ಚಾರ್ಜು, 2025ರ ಆಗಸ್ಟ್ 31ರಿಂದ ಶೇ. 2ಕ್ಕೆ ಏರಿದ ನೋಂದಣಿ ಶುಲ್ಕ ಎಲ್ಲ ಸೇರಿ ನಗರದಲ್ಲಿ ಸುಮಾರು ಶೇ. 7.6, ಅದು 4.7 ಲಕ್ಷ. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲ. ನಿಮ್ಮ ಕಮಿಷನ್ ಶೇ. 1 ಎಂದರೆ ಇನ್ನೂ 62,000. ಬಣ್ಣ, ವಕೀಲರ ಫೀಸು, ಗೃಹಪ್ರವೇಶ ಸೇರದೆಯೇ ಕೈಯಲ್ಲಿ 17.7 ಲಕ್ಷ ಬೇಕು. ಕಂತಿನ ಲೆಕ್ಕ: ಶೇ. 8ರ ಬಡ್ಡಿಯಲ್ಲಿ 20 ವರ್ಷಕ್ಕೆ ಲಕ್ಷಕ್ಕೆ 836 ರೂ., ಅಂದರೆ ತಿಂಗಳಿಗೆ ಸುಮಾರು 41,500. ಈ ಕಾಗದ ನೋಡಿ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರೆ ನಿಮ್ಮ ಐದು ತಿಂಗಳಿಗೆ ಕಾರಣ ಸಿಕ್ಕಿತು. ಆಗ 48–50 ಲಕ್ಷದ ಮನೆಯ ಮಾತನ್ನು ನೀವೇ ಎತ್ತಿ. ಅವರಾಗಿ ಇಳಿಯಲು ಸಂಕೋಚ.

ಲೆಕ್ಕ ಸರಿಯಿದ್ದೂ ತಡವಾಗುತ್ತಿದ್ದರೆ, ಮನೆ ನೋಡಲು ಬಾರದವರು ಯಾರು ಎಂದು ಕೇಳಿ. ಹಣ ಕೊಡುವ ಮಾವ, ವಿದೇಶದಲ್ಲಿರುವ ಮಗ, ಮೆಟ್ಟಿಲು ಹತ್ತಲಾಗದ ಅಜ್ಜಿ, ಯಾರೋ ಒಬ್ಬರು ಇದ್ದೇ ಇರುತ್ತಾರೆ. ಕೊನೆಯ ಮಾತು ಅವರದಾದರೆ ಮುಂದಿನ ಭೇಟಿ ಅವರಿಲ್ಲದೆ ಬೇಡ.

ಮತ್ತೆ ತೋರಿಸುವಾಗ ದಿನಕ್ಕೆ ಮೂರಕ್ಕಿಂತ ಹೆಚ್ಚು ಬೇಡ. ಪ್ರತಿ ಮನೆಗೂ ಒಂದು ಹಾಳೆ: ನಿವೇಶನದ ಅಳತೆ, ಬಾಗಿಲ ದಿಕ್ಕು, ರಸ್ತೆ ಅಗಲ, ಪಾಲಿಕೆಯ ನಲ್ಲಿಯೋ ಬೋರೋ, ಕಟ್ಟಿ ಎಷ್ಟು ವರ್ಷ, ಇ-ಖಾತೆ ಆಗಿದೆಯೋ ಇಲ್ಲವೋ. ಕೆಳಗೆ ಹಿಡಿಸಿದ್ದು, ಹಿಡಿಸದ್ದು, ಗಿರಾಕಿಯದೇ ಕೈಬರಹದಲ್ಲಿ. ಮೊದಲು ಹಾಳು ಮನೆ ತೋರಿಸಿ ಆಮೇಲಿನದನ್ನು ಅರಮನೆ ಮಾಡುವ ಹಳೆಯ ಉಪಾಯ ಒಂದು ಸಲ ನಡೆಯುತ್ತದೆ. ಎರಡನೆಯ ಸಲ ಅವರು ನಿಮ್ಮ ಗಾಡಿ ಹತ್ತುವುದಿಲ್ಲ.

ಪ್ರಶ್ನೆ: ಜೂನ್ ಬಂತೆಂದರೆ ‘ಆಷಾಢ, ಮಳೆ ಬೇರೆ, ಕಳೀಲಿ’ ಎನ್ನುತ್ತಾರೆ. ಆ ಎರಡು ತಿಂಗಳು ಗಿರಾಕಿಯನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ?
– ಏಜೆಂಟ್, ಸಾಗರ

ಉತ್ತರ: ಆಷಾಢದ ಜೊತೆ ಜಗಳಕ್ಕೆ ನಿಂತು ಗೆದ್ದ ದಲ್ಲಾಳಿ ಇಲ್ಲ. ನೋಂದಣಿ ಶ್ರಾವಣಕ್ಕೇ ಇರಲಿ. ಕಾಗದದ ಕೆಲಸಕ್ಕೆ ಮುಹೂರ್ತ ಬೇಡವಲ್ಲ, ಅದನ್ನು ಈಗಲೇ ಮುಗಿಸಿ. ಸಾಲದ ಅರ್ಜಿ ಹಾಕಿಸಿ, ವಕೀಲರ ಅಭಿಪ್ರಾಯ ತರಿಸಿ, ಋಣಭಾರ ಪತ್ರ (ಇ.ಸಿ.) ತೆಗೆಸಿ. ಬ್ಯಾಂಕಿನ ವಕೀಲರು ಸಾಮಾನ್ಯವಾಗಿ 30 ವರ್ಷದ ಇ.ಸಿ. ಕೇಳುತ್ತಾರೆ. ಈಚಿನದು ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಹಳೆಯದಕ್ಕೆ ಉಪನೋಂದಣಿ ಕಚೇರಿಗೆ ಓಡಾಡಬೇಕು, ದಿನ ಹಿಡಿಯುತ್ತದೆ. ಪಂಚಾಯಿತಿ ವ್ಯಾಪ್ತಿಯ ಆಸ್ತಿಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ನೋಡಿ. ಕ್ರಮಬದ್ಧ ಅನುಮೋದನೆ ಇಲ್ಲದ ಆಸ್ತಿಯ 11ಬಿ ಇದ್ದರೆ ಆರಂಭದಲ್ಲೇ ಹೇಳಿಬಿಡಿ, ಅದಕ್ಕೆ ಸಾಲ ಸಿಗುವುದು ಕಷ್ಟ. ಹಲವು ಸಲ ಗಿರಾಕಿಯ ಹಿಂಜರಿಕೆ ಎಂದು ನಾವು ಕರೆಯುವುದು ಕಾಗದ ಸರಿಯಿಲ್ಲದ ವಾಸನೆ ಬಡಿದು ಅವನು ತೋರಿದ ಎಚ್ಚರಿಕೆ ಮಾತ್ರ.

ಇನ್ನು ಮಳೆ. ಮಲೆನಾಡಿನ ಮನೆಯ ಜಾತಕ ಓದಲು ಜುಲೈಗಿಂತ ಒಳ್ಳೆಯ ತಿಂಗಳಿಲ್ಲ, ಧೈರ್ಯವಾಗಿ ಕರೆದೊಯ್ಯಿರಿ. ನೈಋತ್ಯ ಮಳೆಯ ಹೊಡೆತ ಪಶ್ಚಿಮ, ದಕ್ಷಿಣದ ಗೋಡೆಗಳಿಗೆ. ಅವುಗಳ ಒಳಮೈಯನ್ನು ಅಂಗೈಯಿಂದ ಮುಟ್ಟಿ ನೋಡಲಿ. ತಾರಸಿ ಮತ್ತು ಪ್ಯಾರಪೆಟ್ ಸೇರುವ ಮೂಲೆ, ಸಜ್ಜಾ ಗೋಡೆಗೆ ಕೂಡುವ ಗೆರೆ, ಬಚ್ಚಲಿನ ಹಿಂಗೋಡೆ, ಈ ಮೂರು ಕಡೆ ಸೋರಿಕೆ ಮೊದಲು ಕಾಣುತ್ತದೆ. ನೆಲದಿಂದ ಎರಡು ಮೂರು ಅಡಿಯವರೆಗೆ ಗೋಡೆ ಕಪ್ಪಾಗಿ ಸುಣ್ಣ ಉದುರುತ್ತಿದ್ದರೆ ಪಾಯದಿಂದ ನೀರು ಏರುತ್ತಿದೆ ಎಂದರ್ಥ, ಅದು ಬಣ್ಣಕ್ಕೆ ಬಗ್ಗುವ ರೋಗವಲ್ಲ. ಗೋಡೆಯ ಕೆಳಭಾಗಕ್ಕೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಕೇಳಲೇಬೇಕು. ಶಿವಮೊಗ್ಗದಲ್ಲಿ ತುಂಗಾ ನಾಲೆಯ ಪಕ್ಕ ಅಥವಾ ತಗ್ಗಿನ ಬಡಾವಣೆಯಾದರೆ 2019ರ ಆಗಸ್ಟ್‌ನಲ್ಲಿ ನೆರೆ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಅಕ್ಕಪಕ್ಕದವರನ್ನು ಗಿರಾಕಿಯೇ ವಿಚಾರಿಸಲಿ. ದೋಷ ಕಂಡರೆ ವ್ಯಾಪಾರ ಮುರಿಯುತ್ತದೆಂಬ ಭಯ ಬೇಡ. ದುರಸ್ತಿಯ ಅಂದಾಜು ಹಾಕಿಸಿ ಬೆಲೆಯಲ್ಲಿ ಇಳಿಸಿದರೆ ಅದೇ ಮನೆಯ ವ್ಯಾಪಾರ ಕುದುರುತ್ತದೆ.

ಪ್ರಶ್ನೆ: ಮಕ್ಕಳ ಓದಿಗೆಂದು ಶಿವಮೊಗ್ಗದಲ್ಲಿ ಮನೆ ನೋಡುತ್ತಿದ್ದೇವೆ. ನಮ್ಮ ಹಣ ಬರುವುದು ಅಡಿಕೆ ಮಾರಿದ ಮೇಲೆ. ಏಜೆಂಟರು ‘ಇನ್ನೊಂದು ಪಾರ್ಟಿ ರೆಡಿ ಇದೆ, ಇವತ್ತೇ ಎರಡು ಲಕ್ಷ ಕ್ಯಾಶ್ ಕೊಟ್ಟು ಹಿಡ್ಕೊಳ್ಳಿ’ ಎನ್ನುತ್ತಾರೆ. ಕೊಡಬಹುದೇ?
– ಬೆಳೆಗಾರರು, ತೀರ್ಥಹಳ್ಳಿ ತಾಲೂಕು

ಉತ್ತರ: ನಗದಾಗಿ ಬೇಡ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆದವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮಾರುವವರಿಗೆ ಇಷ್ಟು ತಿಳಿಸಿದರೆ ಅವರೇ ಚೆಕ್ ಕೇಳುತ್ತಾರೆ. ಚೆಕ್ ಏಜೆಂಟರ ಹೆಸರಿಗೆ ಬೇಡ, ಮಾಲೀಕರ ಹೆಸರಿಗಿರಲಿ. ಮೊತ್ತ ಚಿಕ್ಕದಿರಲಿ, ರಸೀದಿಯಲ್ಲಿ ಎರಡು ಸಾಲು ಇರಲೇಬೇಕು: ವಕೀಲರ ಅಭಿಪ್ರಾಯ ಸರಿಬಾರದಿದ್ದರೆ ಅಥವಾ ಸಾಲ ಮಂಜೂರಾಗದಿದ್ದರೆ 15 ದಿನದೊಳಗೆ ಪೂರ್ತಿ ವಾಪಸ್. ಬಿಲ್ಡರ್‌ಗಳ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ಯೋಜನೆಯಾದರೆ, ಕರಾರು ನೋಂದಣಿಯಾಗುವ ಮುನ್ನ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ.

ಕರಾರಿನ ಅವಧಿಯೇ ನಿಮಗೆ ಮುಖ್ಯ. ವಾಡಿಕೆಯ ಮೂರು ತಿಂಗಳಿಗೆ ಸಹಿ ಹಾಕಬೇಡಿ. ಅಕ್ಟೋಬರಿನಲ್ಲಿ ಕರಾರಾದರೆ ಕೊಯ್ಲು, ಸುಲಿತ, ಬೇಯಿಸಿ ಒಣಗಿಸುವುದು ಮುಗಿದು ಮಂಡಿಗೆ ಹೋಗಿ ಹಣ ಕೈಸೇರುವಷ್ಟರಲ್ಲಿ ಫೆಬ್ರವರಿ, ಮಾರ್ಚ್. ಐದಾರು ತಿಂಗಳು ಕೇಳಿ, ನಡುವೆ ಒಂದು ಕಂತು ಒಪ್ಪಿಕೊಳ್ಳಿ. ಮಾಲು ಇಟ್ಟುಕೊಂಡು ದರ ಏರಲಿ ಎಂದು ಕಾಯುವವರಾದರೆ ಕರಾರಿಗೆ ಮೊದಲೇ ಮನೆಯಲ್ಲಿ ತೀರ್ಮಾನಿಸಿ: ರಾಶಿ ಇಡಿ (ಕೆಂಪಡಿಕೆಯ ಒಂದು ಬಗೆ) ದರ ಇಷ್ಟಕ್ಕಿಂತ ಕೆಳಗಿದ್ದರೂ ಈ ತಾರೀಖಿಗೆ ಕೊಡುತ್ತೇವೆ ಎಂದು. ಆ ತಾರೀಖು ಇಲ್ಲದಿದ್ದರೆ ಮನೆಯೂ ದರದ ಜೊತೆ ತೂಗಾಡುತ್ತದೆ.

ಏಜೆಂಟರಿಗೂ ಒಂದು ಮಾತು: ‘ಇನ್ನೊಂದು ಪಾರ್ಟಿ’ ನಿಜವಾಗಿದ್ದರೆ ಮಾತ್ರ ಹೇಳಿ. ಮುಂದಿನ ವಾರವೂ ಮನೆ ಖಾಲಿಯಿದ್ದದ್ದು ಕಂಡರೆ ನಿಮ್ಮ ಉಳಿದ ಮಾತಿಗೂ ಬೆಲೆ ಹೋಯಿತು.

ಪ್ರಶ್ನೆ: ಎಲ್ಲ ಒಪ್ಪಿದ ಮೇಲೆ ವಾಸ್ತು ನೋಡುವವರು ಬಂದು ಬೇಡ ಎನ್ನುತ್ತಾರೆ.
– ಏಜೆಂಟ್, ಭದ್ರಾವತಿ

ಉತ್ತರ: ಅವರನ್ನು ಕೊನೆಗೆ ಕರೆದದ್ದೇ ತಪ್ಪು. ಮೊದಲ ದಿನವೇ ಅವರಿಗೆ ಬೇಡದ್ದನ್ನು ಬರೆದುಕೊಳ್ಳಿ: ಈಶಾನ್ಯದ ಶೌಚಾಲಯ, ದಕ್ಷಿಣದ ಬಾಗಿಲು, ಬೀದಿ ಕುತ್ತು (ರಸ್ತೆ ನೇರ ಮನೆಗೇ ಬಂದು ಮುಟ್ಟುವುದು). ದಿಕ್ಸೂಚಿ ಇಟ್ಟು ಉತ್ತರ ಗುರುತಿಸಿದ ನಕ್ಷೆ ಕಳಿಸಿ, ಒಪ್ಪಿದ ಮನೆಯನ್ನಷ್ಟೇ ತೋರಿಸಿ.

ಪ್ರಶ್ನೆ: ತಿಂಗಳುಗಟ್ಟಲೆ ಓಡಾಡಿಸಿ, ಕೊನೆಗೆ ಮಾಲೀಕರ ಹತ್ತಿರ ನೇರ ಹೋಗಿ ಮುಗಿಸಿಕೊಂಡರು. ಕಮಿಷನ್ ಕೇಳಬಹುದೇ?
– ಏಜೆಂಟ್, ಶಿವಮೊಗ್ಗ

ಉತ್ತರ: ಬಾಯಿಮಾತಿನ ಮೇಲೆ ಕೇಳಿದರೆ ಜಗಳ, ಬರಹದ ಮೇಲೆ ಕೇಳಿದರೆ ಬಾಕಿ. ಬಾಗಿಲು ತೆಗೆಸುವ ಮುನ್ನವೇ ವಾಟ್ಸಾಪಿನಲ್ಲಿ ಮನೆಯ ವಿಳಾಸ, ದಿನಾಂಕ, ಕಮಿಷನ್ ಎಷ್ಟು ಎಂದು ಕಳಿಸಿ ‘ಒಪ್ಪಿಗೆ’ ಎಂಬ ಉತ್ತರ ಪಡೆಯಿರಿ, ಮಾಲೀಕರಿಂದಲೂ ಅಷ್ಟೇ. ರೇರಾದಲ್ಲಿ ನೋಂದಾಯಿಸಿದ ಬಡಾವಣೆ, ಅಪಾರ್ಟ್‌ಮೆಂಟ್ ಮಾರಿಸುವುದಾದರೆ ನಿಮ್ಮದೂ ಏಜೆಂಟ್ ನೋಂದಣಿ ಇರಬೇಕು. ಅದಿಲ್ಲದೆ ಆ ವ್ಯವಹಾರಕ್ಕೆ ಕೈಹಾಕುವಂತೆಯೇ ಇಲ್ಲ.

ಹಣದ ಕಾಗದ ಬರೆಯಲು ಒಪ್ಪದ, ನಿರ್ಧರಿಸುವವರನ್ನು ಕರೆತರದ ಗಿರಾಕಿಗೆ ಓಡಾಡುವುದನ್ನು ನಿಲ್ಲಿಸಿ. ಬೇಕಾದ ಬಡಾವಣೆ, ಬೆಲೆ, ಅಳತೆಯನ್ನು ಒಂದು ಚೀಟಿಯಲ್ಲಿ ಇಟ್ಟುಕೊಂಡು, ಅದಕ್ಕೆ ಹೊಂದುವ ಮನೆ ಬಂದಾಗ ಮಾತ್ರ ಫೋನ್ ಮಾಡಿ.